ದೀಪದ ಬುಡದಲ್ಲಿ

ಕೃಷ್ಣೆಯ ದಡದ ಶಕ್ತಿನಗರದಲ್ಲಿ 1985ರಿಂದ ಕಲ್ಲಿದ್ದಲು ಉರಿದು ನಾಡಿಗೆ ಬೆಳಕಾಗುತ್ತಿದೆ. ಅದೇ ರಾಯಚೂರು ಜಿಲ್ಲೆಯ ದೇವದುರ್ಗ, ಮಾನ್ವಿಗಳಲ್ಲಿ ವೈಶಾಖದ ರಾತ್ರಿ ದೀಪವಾರಿದರೆ ಜನ ಬಯ್ಯುವುದು ಪಾಪ, ಲೈನ್‌ಮನ್ನನನ್ನು! ದೋಷವಿರುವುದು ಎಷ್ಟೋ ವೇಳೆ ಉಪಕೇಂದ್ರದ ಮುದಿ ಯಂತ್ರಗಳಲ್ಲಿ. ಪರಿವರ್ತಕದ ಸುರುಳಿಗೆ ಸುತ್ತಿದ ಕಾಗದವು 40 ಡಿಗ್ರಿ ಮೀರುವ ನಮ್ಮ ಬೇಸಗೆಯಲ್ಲಿ ವರ್ಷವರ್ಷವೂ ಬೆಂದು ಪೆಡಸಾಗುತ್ತದೆ. ಎಣ್ಣೆಯನ್ನು ಸೋಸಬಹುದು, ಬದಲಿಸಬಹುದು. ಸತ್ವವಳಿದ ಕಾಗದಕ್ಕೆ ಮರುಜನ್ಮವಿಲ್ಲ. ಎಣ್ಣೆ ತುಂಬಿದ ಹಳೆಯ ಬ್ರೇಕರುಗಳ ಜಾಗಕ್ಕೆ ಬರುವ ನಿರ್ವಾತದ ಬ್ರೇಕರುಗಳಾದರೋ ಸಿಡಿಯುವ ಕಿಡಿಯನ್ನು ಕ್ಷಣಾರ್ಧದಲ್ಲಿ ನುಂಗಿಬಿಡುತ್ತವೆ.

ಹೊಸದನ್ನು ಕೂರಿಸುವ ದಿನ ಬೆಳಗಿನಿಂದ ಸಂಜೆಯವರೆಗೆ ವಿದ್ಯುತ್ತಿಲ್ಲವೆಂಬ ಪ್ರಕಟಣೆ ಬಂದಾಗ ನನ್ನ ಮನೆಯಾಕೆ ಮುನಿಸಿನಲ್ಲಿಯೇ ಒರಳುಕಲ್ಲು ತೊಳೆದಳು. ನಾನಂತೂ ಆ ಸೆಕೆಯನ್ನು ಸಂತೋಷದಿಂದಲೇ ಸಹಿಸಿದೆ: ಮಾರನೆಯ ವಾರ ನನ್ನ ವಿದ್ಯಾರ್ಥಿಗಳಿಗೆ ಪರೀಕ್ಷೆ.