ಭೀಮಾತೀರದಿಂದ ಯುರೋಪಿನ ಹಳೆಯ ಊರುಗಳಿಗೆ

ಆಳಂದ, ಅಫಜಲಪುರ, ಜೇವರ್ಗಿ ಎಂಬ ಹೆಸರುಗಳನ್ನು ಕೇಳಿದೊಡನೆ ನಾಡಿನ ಇತರ ಭಾಗದವರ ಕಣ್ಮುಂದೆ ಬಿಸಿಲು, ತೊಗರಿಯ ಹೊಲ, ಬರಗಾಲ ಇವಷ್ಟೇ ಬಂದು ನಿಲ್ಲುವುದುಂಟು. ಆದರೆ ಕಲಬುರಗಿ ಜಿಲ್ಲೆಯ ಈ ಮೂರು ತಾಲೂಕುಗಳು ಇತಿಹಾಸದಲ್ಲಿ ಸಾಮಾನ್ಯವಾದುವಲ್ಲ. ಕಲ್ಯಾಣದ ಚಾಲುಕ್ಯರ ಕಾಲದ ಶಾಸನಗಳು ಆಳಂದೆ ಸಾಸಿರವೆಂದು ಕರೆದ ನಾಡು ಇದು. ಅಬ್ಬಲೂರಿನ ಶಾಸನದಲ್ಲಿ ಕೀರ್ತಿತನಾದ ಏಕಾಂತದ ರಾಮಯ್ಯನು ಈ ಆಳಂದೆಯವನು. ಅಫಜಲಪುರ ತಾಲೂಕಿನಲ್ಲಿ ಭೀಮಾ ಮತ್ತು ಅಮರ್ಜಾ ನದಿಗಳ ಸಂಗಮವೂ ದೇವಲ ಗಾಣಗಾಪುರದ ದತ್ತಕ್ಷೇತ್ರವೂ ಇವೆ. ಜೇವರ್ಗಿಯಾದರೋ ಹದಿನೇಳನೆಯ ಶತಮಾನದಲ್ಲಿ ‘ಅಖಂಡೇಶ್ವರ’ ಅಂಕಿತದಿಂದ ವಚನಗಳನ್ನು ರಚಿಸಿದ ಷಣ್ಮುಖ ಶಿವಯೋಗಿಗಳ ನೆಲೆ. ಮಹಾದಾಸೋಹಿ ಶರಣಬಸವೇಶ್ವರರ ಹುಟ್ಟೂರಾದ ಅರಳಗುಂಡಗಿ ಈಗ ಯಡ್ರಾಮಿ ತಾಲೂಕಿಗೆ ಸೇರಿದ್ದರೂ ಮೊನ್ನೆಮೊನ್ನೆಯವರೆಗೆ ಜೇವರ್ಗಿ ತಾಲೂಕಿನದೇ ಆಗಿತ್ತು.

ನಮ್ಮ ಬಳಗ ಈ ಮೂರೂ ತಾಲೂಕುಗಳಲ್ಲಿ ಹಂಚಿಹೋಗಿದೆ. ಹಿರಿಯರ ಮನೆ ಆಳಂದದ ಕಡೆ, ಅವ್ವನ ತವರು ಅಫಜಲಪುರದ ಭೀಮೆಯ ದಡ, ಅಕ್ಕನನ್ನು ಕೊಟ್ಟದ್ದು ಜೇವರ್ಗಿಗೆ. 2023ರ ಮೇ ತಿಂಗಳಲ್ಲಿ ಈ ಮೂರೂ ಮನೆಗಳ ಎಂಟು ಜನ ಕೂಡಿ ಯುರೋಪಿನ ಕೆಲವು ಐತಿಹಾಸಿಕ ನಗರಗಳನ್ನು ನೋಡಿಬರುವ ಸುಯೋಗ ಒದಗಿತು. ಸೋದರಳಿಯನೊಬ್ಬ ಲಂಡನ್ನಿನ ಹತ್ತಿರ ನೌಕರಿಯಲ್ಲಿರುವುದೇ ಇದಕ್ಕೆ ಆಧಾರ. ತಂಡದಲ್ಲಿ ಎಲ್ಲರಿಗಿಂತ ಹಿರಿಯಳು 76 ವರ್ಷದ ಅವ್ವ. ಎಲ್ಲರಿಗಿಂತ ಕಿರಿಯವನು ಅವಳ ಮೊಮ್ಮಗ.

ಹೊರಡುವ ಹೊತ್ತಿಗೆ ಮನೆಯಲ್ಲಿ ಇನ್ನೊಂದು ಮಾತೂ ನಡೆದಿತ್ತು. ಊರಿನ ಹಳೆಯ ವಾಡೆಯನ್ನು ಕೆಡವಿ ಅದೇ ಜಾಗದಲ್ಲಿ ಎರಡಂತಸ್ತಿನ ಸಿಮೆಂಟಿನ ಮನೆ ಕಟ್ಟಬೇಕೆಂದು ಅಣ್ಣತಮ್ಮಂದಿರು ಬಹುತೇಕ ನಿರ್ಧರಿಸಿದ್ದೆವು. ನೂರು ವರ್ಷ ದಾಟಿದ ಕಲ್ಲಿನ ಕಟ್ಟಡ, ಮಣ್ಣಿನ ಮಾಳಿಗೆ, ಸಾಗುವಾನಿ ಕಂಬ, ಶಹಾಬಾದ ಕಲ್ಲಿನ ಹಾಸು. ಮಳೆಗಾಲ ಬಂತೆಂದರೆ ಸೋರುತ್ತದೆ. ಅದರಲ್ಲಿ ವರ್ಷವಿಡೀ ವಾಸಿಸುವವಳು ಅವ್ವನೊಬ್ಬಳೇ. ಅವಳು ಈ ವಿಷಯದಲ್ಲಿ ಹೌದೆಂದೂ ಅಂದಿರಲಿಲ್ಲ, ಬೇಡವೆಂದೂ ಅಂದಿರಲಿಲ್ಲ. ಗುತ್ತಿಗೆದಾರನಿಗೆ ಶ್ರಾವಣ ಕಳೆದ ಮೇಲೆ ಬಾ ಎಂದು ಹೇಳಿ ವಿಮಾನ ಹತ್ತಿದೆವು.

ಹೋಗಬಯಸುವವರ ಅನುಕೂಲಕ್ಕಾಗಿ ಎರಡು ಮಾತು. ಬ್ರಿಟನ್ನಿಗೆ ಬೇರೆ ವೀಸಾ, ಫ್ರಾನ್ಸ್, ಜರ್ಮನಿ, ಸ್ಪೇನ್ ಮೊದಲಾದ ದೇಶಗಳಿಗೆಲ್ಲ ಕೂಡಿ ಶೆಂಗೆನ್ ಎಂಬ ಇನ್ನೊಂದು ವೀಸಾ ಬೇಕು. ಖಡಕ್ ರೊಟ್ಟಿ, ಶೇಂಗಾ ಹಿಂಡಿ ಧಾರಾಳವಾಗಿ ಒಯ್ಯಬಹುದು. ಹಾಲು, ತುಪ್ಪದ ಪದಾರ್ಥಗಳನ್ನು ಮಾತ್ರ ಒಯ್ಯಲು ಬಿಡುವುದಿಲ್ಲ. ಇನ್ನು ಇಷ್ಟಲಿಂಗದ ವಿಷಯ. ಬೆಳ್ಳಿಯ ಕರಡಿಗೆ ತಪಾಸಣೆಯ ಯಂತ್ರದಲ್ಲಿ ಸದ್ದು ಮಾಡಿಯೇ ಮಾಡುತ್ತದೆ. ಅದನ್ನು ಬಿಚ್ಚಿ ಪಾದರಕ್ಷೆಗಳ ಜೊತೆಗೆ ಪೆಟ್ಟಿಗೆಯಲ್ಲಿಡಲು ಅವ್ವ ಸುತರಾಂ ಒಪ್ಪಲಿಲ್ಲ. ಸೊಸೆ ಮುಂದಾಗಿ ತಿಳಿಸಿ ಹೇಳಿದ ಮೇಲೆ ಮಹಿಳಾ ಸಿಬ್ಬಂದಿಯೊಬ್ಬರು ಪ್ರತ್ಯೇಕ ಕೋಣೆಗೆ ಕರೆದೊಯ್ದರು. ಅಲ್ಲಿ ಅವ್ವ ಕರಡಿಗೆ ತೆರೆದು ಲಿಂಗವನ್ನು ತನ್ನ ಅಂಗೈಯಲ್ಲಿಯೇ ಹಿಡಿದು ತೋರಿಸಿದಳು. ಆಕೆ ನೋಡಿ, ಕೈಮುಗಿದು ಕಳಿಸಿಕೊಟ್ಟಳು. ಮುಂದೆ ಎಲ್ಲ ವಿಮಾನ ನಿಲ್ದಾಣಗಳಲ್ಲಿಯೂ ಇದೇ ಕ್ರಮವನ್ನು ಅನುಸರಿಸಿದೆವು. ಮೊದಲೇ ಹೇಳಿದರೆ ತೊಂದರೆಯಿಲ್ಲ, ಯಂತ್ರ ಸದ್ದು ಮಾಡಿದ ಮೇಲೆ ಹೇಳಿದರೆ ಹೊತ್ತು ಹಿಡಿಯುತ್ತದೆ.

ಲಂಡನ್ನಿನಲ್ಲಿ ಅವ್ವ ನೋಡಬೇಕೆಂದದ್ದು ಒಂದೇ ಒಂದನ್ನು. ಥೇಮ್ಸ್ ನದಿಯ ಆಲ್ಬರ್ಟ್ ಎಂಬ್ಯಾಂಕ್‌ಮೆಂಟ್ ದಡದಲ್ಲಿರುವ ಬಸವೇಶ್ವರರ ಪುತ್ಥಳಿಯನ್ನು 2015ರ ನವೆಂಬರ್ 14ರಂದು ಪ್ರಧಾನಿ ನರೇಂದ್ರ ಮೋದಿಯವರು ಅನಾವರಣಗೊಳಿಸಿದರು. ಅದರ ಹಿಂದಿನ ಶ್ರಮ ಕಲಬುರಗಿ ಜಿಲ್ಲೆಯವರೇ ಆದ, 2010ರಲ್ಲಿ ಲ್ಯಾಂಬೆತ್‌ನ ಮೇಯರ್ ಆಗಿದ್ದ ಡಾ. ನೀರಜ್ ಪಾಟೀಲರದು. ಪುತ್ಥಳಿ ನಾವು ಊಹಿಸಿಕೊಂಡಷ್ಟು ದೊಡ್ಡದಲ್ಲ. ನದಿಯ ಪಕ್ಕದ ಚಿಕ್ಕ ಉದ್ಯಾನದಲ್ಲಿ, ಓಡುವವರು, ನಾಯಿ ಅಡ್ಡಾಡಿಸುವವರು ಸುಳಿದಾಡುವ ದಾರಿಯ ಬದಿಗೆ ಬಸವಣ್ಣನವರು ನಿಂತಿದ್ದಾರೆ. ಎದುರು ದಡದಲ್ಲಿ, ಹೊಳೆ ಹರಿಯುವ ದಿಕ್ಕಿನಲ್ಲಿ ತುಸು ಮುಂದೆ ಸಂಸತ್ ಭವನದ ಗೋಪುರಗಳು ಕಾಣುತ್ತವೆ. ಅವ್ವ ಊರಿನಿಂದ ತಂದಿದ್ದ ವಿಭೂತಿಯನ್ನು ಪೀಠಕ್ಕೆ ಮುಟ್ಟಿಸಿ, ಷಣ್ಮುಖ ಶಿವಯೋಗಿಗಳ ಒಂದು ವಚನವನ್ನು ಬಾಯಿಪಾಠದಿಂದ ಹೇಳಿದಳು. ಅಲ್ಲಿಯೇ ಹುಟ್ಟಿ ಬೆಳೆಯುತ್ತಿರುವ ಸೋದರಳಿಯನ ಮಗಳು ಕೇಳಿದಳು: “ಆಯಿ, ಇದು ಬಸವಣ್ಣನವರದಾ?” “ಅಲ್ಲವ್ವ, ಇದು ನಮ್ಮ ಜೇವರ್ಗಿಯವರದು” ಎಂದು ಅವ್ವ ಅಂದಾಗ ಭಾವನವರ ಮುಖದಲ್ಲಿ ಮೂಡಿದ ಹೆಮ್ಮೆಯನ್ನು ನೋಡಬೇಕಾಗಿತ್ತು!

ಮರುದಿನ ಸ್ಟೋನ್‌ಹೆಂಜ್ ಮತ್ತು ಸಾಲಿಸ್‌ಬರಿ. ಸುಮಾರು 4500 ವರ್ಷಗಳ ಹಿಂದೆ ನಿಲ್ಲಿಸಿದ ಆ ಬೃಹತ್ ಶಿಲೆಗಳ ಚಿತ್ರವನ್ನು ಯಾರು ನೋಡಿಲ್ಲ? ಆದರೆ ಅಲ್ಲಿಗೂ ಜೇವರ್ಗಿಗೂ ಸಂಬಂಧವುಂಟೆಂಬುದು ಬಹಳ ಜನರಿಗೆ ತಿಳಿಯದು. 1841ರಿಂದ 1853ರವರೆಗೆ ಸುರಪುರ ಸಂಸ್ಥಾನದ ಆಡಳಿತ ನೋಡಿಕೊಂಡ ಮೆಡೋಸ್ ಟೇಲರ್ ಸಾಹೇಬನು ಸುರಪುರ ಸೀಮೆಯ ಶಿಲಾಸಮಾಧಿಗಳನ್ನೂ ಜೇವರ್ಗಿಯ ಬಳಿಯ ಕಲ್ಲಿನ ವೃತ್ತಗಳನ್ನೂ ಅಗೆಸಿ, ಒಳಗೆ ದೊರೆತ ಮಡಿಕೆ, ಎಲುಬು, ಕಬ್ಬಿಣದ ವಸ್ತುಗಳನ್ನು ದಾಖಲಿಸಿದನು. ಅವು ತನ್ನ ದೇಶದ ಪುರಾತನ ಸಮಾಧಿಗಳನ್ನೇ ಹೋಲುತ್ತವೆಂದು ಬರೆದನು. ಎರಡೂ ಒಂದೇ ಜನಾಂಗದವರ ಕೆಲಸವೆಂಬ ಅವನ ಊಹೆ ಮುಂದೆ ನಿಲ್ಲಲಿಲ್ಲ. ನಮ್ಮವು ಕಬ್ಬಿಣಯುಗದವು, ಸ್ಟೋನ್‌ಹೆಂಜಿಗಿಂತ ಬಹಳ ಈಚಿನವು. ಆದರೆ ಅಗೆದ ನೆಲದ ಪದರಗಳನ್ನು ಅವನು ಬರೆದಿಟ್ಟ ರೀತಿಯನ್ನು ನೂರು ವರ್ಷದ ನಂತರ ಮಾರ್ಟಿಮರ್ ವ್ಹೀಲರ್‌ನಂಥ ಪುರಾತತ್ತ್ವಜ್ಞ ಕೂಡ ಮೆಚ್ಚಿಕೊಂಡನು.

ಸ್ಟೋನ್‌ಹೆಂಜ್ ಕೂಡ ಒಂದು ಕಾಲಕ್ಕೆ ಖಾಸಗಿಯವರ ಸೊತ್ತಾಗಿತ್ತು. 1915ರಲ್ಲಿ ಅದು ಹರಾಜಿಗೆ ಬಂದಾಗ ಸೆಸಿಲ್ ಚಬ್ ಎಂಬಾತ 6600 ಪೌಂಡಿಗೆ ಕೊಂಡು, ಮೂರು ವರ್ಷದ ನಂತರ ದೇಶಕ್ಕೆ ದಾನ ಕೊಟ್ಟ. ಈಗ ಸುತ್ತಲೂ ಹಗ್ಗ ಕಟ್ಟಿದ್ದಾರೆ. ಕಲ್ಲನ್ನು ಮುಟ್ಟುವ ಹಾಗಿಲ್ಲ. ಭಾವನವರು ಬಹಳ ಹೊತ್ತು ನೋಡಿ, “ಇವ್ರು ಹಗ್ಗ ಕಟ್ಟಿ ಕಾಯ್ತಾರ್ರಿ. ನಮ್ಮಪ್ಪ ಇಂಥವನ್ನ ಎತ್ತಿನ ಗಾಡಿಗಿ ಹೇರಿ ಬದುವಿಗಿ ಒಟ್ಟ್ಯಾನ” ಎಂದರು. ಎಲ್ಲರೂ ನಕ್ಕೆವು. ಒಕ್ಕಲಿಗನಿಗೆ ಹೊಲದ ನಡುವಿನ ಕಲ್ಲು ಕುಂಟೆಗೆ ಅಡ್ಡಿಯೇ ಹೊರತು ಇತಿಹಾಸವಲ್ಲ. ಯಾರೂ ಬಂದು ತಿಳಿಸಿ ಹೇಳದಿದ್ದಾಗ ಅವನನ್ನು ದೂರುವುದೂ ತರವಲ್ಲ.

ಸಾಲಿಸ್‌ಬರಿಯ ಪ್ರಧಾನ ಚರ್ಚಿನ ಶಿಖರ 123 ಮೀಟರ್ ಎತ್ತರ, ಬ್ರಿಟನ್ನಿನಲ್ಲಿಯೇ ಅತಿ ಎತ್ತರದ್ದು. ಆದರೆ ನಾವು ಹೋದದ್ದು ಅದರ ಪಕ್ಕದ ಎಂಟು ಮೂಲೆಯ ಸಭಾಗೃಹವನ್ನು ನೋಡಲು. ಅಲ್ಲಿ 1215ರ ಮ್ಯಾಗ್ನಾ ಕಾರ್ಟಾ ಸನ್ನದಿನ, ಈಗ ಉಳಿದಿರುವ ನಾಲ್ಕು ಮೂಲ ಪ್ರತಿಗಳಲ್ಲಿ ಒಂದನ್ನು ಇರಿಸಿದ್ದಾರೆ. ಒಂದೇ ಚರ್ಮದ ಹಾಳೆ, ಲ್ಯಾಟಿನ್ ಭಾಷೆ, ಇರುವೆ ಸಾಲಿನಂಥ ಅಕ್ಷರ. ನಮ್ಮ ವೇದಿಕೆಗಳಲ್ಲಿ ಅನುಭವ ಮಂಟಪವು ಮ್ಯಾಗ್ನಾ ಕಾರ್ಟಾಕ್ಕಿಂತ ಹಳೆಯದೆಂದು ಹೇಳಿ ಚಪ್ಪಾಳೆ ಗಿಟ್ಟಿಸುವುದು ವಾಡಿಕೆಯಾಗಿದೆ. ಕಾಲದ ಲೆಕ್ಕ ಸರಿಯೇ. ಆದರೆ ಆ ಹಾಳೆಯ ಮುಂದೆ ನಿಂತಾಗ ನಮಗೆ ಈ ಹೋಲಿಕೆ ಅಷ್ಟು ಒಪ್ಪಿಗೆಯಾಗಲಿಲ್ಲ. ಅದು ಸರದಾರರು ತಮ್ಮ ಹಕ್ಕಿಗಾಗಿ ದೊರೆಯ ಕೈಯಿಂದ ಬರೆಸಿಕೊಂಡ ಸನ್ನದು. ಕಲ್ಯಾಣದಲ್ಲಿ ಕೂಡಿದವರು ಸಮಗಾರರು, ಅಂಬಿಗರು, ಮಡಿವಾಳರು, ಕಾಯಕದ ಹೆಣ್ಣುಮಕ್ಕಳು. ಅವರು ದೊರೆಯಿಂದ ಏನನ್ನೂ ಬರೆಸಿಕೊಳ್ಳಲಿಲ್ಲ. ಇವೆರಡನ್ನೂ ಒಂದೇ ಓಟದಲ್ಲಿ ಓಡಿಸಿ ಗೆದ್ದವರು ಯಾರೆಂದು ಕೇಳುವುದರಿಂದ ಶರಣರ ಹಿರಿಮೆಯೇನೂ ಹೆಚ್ಚುವುದಿಲ್ಲ. ನಾವು ಅಸೂಯೆಪಟ್ಟದ್ದು ಬೇರೆ ಸಂಗತಿಗೆ: ಒಂದು ಚರ್ಮದ ಹಾಳೆಯನ್ನು ಎಂಟು ನೂರು ವರ್ಷ ಜೋಪಾನ ಮಾಡಿದ್ದಾರೆ. ನಮ್ಮ ವಚನದ ತಾಡವೋಲೆಗಳನ್ನು ಮನೆಮನೆಯ ಜಗಲಿಯಿಂದ ಹುಡುಕಿ ತೆಗೆದು ಅಚ್ಚು ಹಾಕಿಸಲು ಫ. ಗು. ಹಳಕಟ್ಟಿಯವರಂಥ ಪುಣ್ಯಾತ್ಮರು ಹುಟ್ಟಿಬರಬೇಕಾಯಿತು.

ಪ್ಯಾರಿಸ್ಸಿನ ಬಗೆಗೆ ಬರೆಯದವರಿಲ್ಲ. ನಾವು ಬಿಟ್ಟರೆ ನಷ್ಟವಿಲ್ಲ. 2019ರ ಏಪ್ರಿಲ್‌ನಲ್ಲಿ ಬೆಂಕಿಗೆ ಆಹುತಿಯಾದ ನೋತ್ರ್ ದಾಮ್ ನಾವು ಹೋದಾಗ ಮುಚ್ಚಿತ್ತು, ಸುತ್ತಲೂ ಕ್ರೇನುಗಳು ನಿಂತಿದ್ದವು. ಚಾವಣಿಯನ್ನು ಕಾಂಕ್ರೀಟಿನಿಂದ ಮಾಡದೆ ಮೊದಲಿನಂತೆಯೇ ಓಕ್ ಮರದ ತೊಲೆಗಳಿಂದ ಕಟ್ಟುತ್ತಿದ್ದಾರೆಂದು ಬೇಲಿಯ ಮೇಲಿನ ಚಿತ್ರಫಲಕಗಳಿಂದ ತಿಳಿಯಿತು. 2024ರ ಡಿಸೆಂಬರ್‌ನಲ್ಲಿ ಅದು ಮತ್ತೆ ತೆರೆಯಿತು.

ಜರ್ಮನಿಯಲ್ಲಿ ಕೊಬ್ಲೆನ್ಸ್ ಎಂಬ ಊರಿಗೆ ಹೋದದ್ದು ಕೇವಲ ಅದರ ಹೆಸರಿಗಾಗಿ. ರೈನ್ ಮತ್ತು ಮೊಸೆಲ್ ನದಿಗಳು ಅಲ್ಲಿ ಕೂಡುತ್ತವೆ. ರೋಮನ್ನರು ಆ ಜಾಗವನ್ನು ಕನ್‌ಫ್ಲುಯೆಂಟೆಸ್ ಎಂದರು, ಅಂದರೆ ಕೂಡುವ ಹೊಳೆಗಳು. ಅದೇ ಸವೆದು ಕೊಬ್ಲೆನ್ಸ್ ಆಯಿತು. ಇದನ್ನು ಕೇಳಿದ ಅವ್ವ, “ಹಂಗಾರ ಇದೂ ಕೂಡಲನೇ ಅಲ್ಲೇನು?” ಎಂದಳು. ಭಾಷಾಶಾಸ್ತ್ರಜ್ಞರು ಇದಕ್ಕಿಂತ ಚೆನ್ನಾಗಿ ಅನುವಾದಿಸಲಾರರು. ಸಂಗಮದ ಮೂಲೆಯಲ್ಲಿ ಗುಡಿಯಿಲ್ಲ, ಕುದುರೆಯ ಮೇಲೆ ಕುಳಿತ ಕೈಸರ್ ವಿಲ್‌ಹೆಲ್ಮನ ಪ್ರತಿಮೆಯಿದೆ. 1897ರಲ್ಲಿ ನಿಲ್ಲಿಸಿದ್ದು ಯುದ್ಧದ ಕೊನೆಗೆ 1945ರಲ್ಲಿ ಹಾಳಾಗಿ, 1993ರಲ್ಲಿ ಮತ್ತೆ ಬಂದಿದೆ. ಆ ಸೀಮೆಯ ಹಳೆಯ ಮನೆಗಳ ಗೋಡೆಯ ಮೇಲೆ ಯಾವ ವರ್ಷದ ಮಹಾಪೂರ ಎಷ್ಟು ಎತ್ತರಕ್ಕೆ ಬಂದಿತ್ತೆಂದು ಗೀಟು ಹಾಕಿ ಇಸವಿ ಕೆತ್ತುವ ರೂಢಿಯಿದೆ. ಕೊಬ್ಲೆನ್ಸಿನಿಂದ ಸ್ವಲ್ಪ ದೂರದಲ್ಲಿಯೇ ರೈನ್ ನದಿಗೆ ಸೇರುವ ಆರ್ ಎಂಬ ಚಿಕ್ಕ ಹೊಳೆ 2021ರ ಜುಲೈನಲ್ಲಿ ಒಂದೇ ರಾತ್ರಿ ಉಕ್ಕಿ 130ಕ್ಕೂ ಹೆಚ್ಚು ಜನರನ್ನು ಬಲಿ ತೆಗೆದುಕೊಂಡಿತು. 2020ರ ಅಕ್ಟೋಬರ್‌ನಲ್ಲಿ ಭೀಮೆ ಉಕ್ಕಿ ಅಫಜಲಪುರ, ಜೇವರ್ಗಿ ಭಾಗದ ಹಳ್ಳಿಗಳನ್ನು ನುಂಗಿದ್ದನ್ನು ಕಂಡವರು ನಾವು. ಅವ್ವನ ತವರುಮನೆಯ ಗೋಡೆಯ ಮೇಲೆ ನೀರಿನ ಕಲೆ ಇನ್ನೂ ಇದೆ. ಇಸವಿಯನ್ನು ಮಾತ್ರ ಯಾರೂ ಬರೆದಿಲ್ಲ.

ಕೊನೆಗೆ ಸ್ಪೇನಿನ ಕೊರ್ದೊಬಾ. ಕಲಬುರಗಿಯವರಾದ ನಮಗೆ ಈ ಹೆಸರು ಚಿಕ್ಕಂದಿನಿಂದ ಪರಿಚಿತ. ಕಲಬುರಗಿ ಕೋಟೆಯೊಳಗಿನ ಜಾಮಿಯಾ ಮಸೀದಿ ಕೊರ್ದೊಬಾದ ಮಸೀದಿಯ ಮಾದರಿಯದೆಂದು ಶಾಲೆಯಲ್ಲಿ ಓದಿದವರೇ ಎಲ್ಲರೂ. ನೋಡಿ ಬಂದ ಮೇಲೆ ಹೇಳುವುದಾದರೆ, ಹೋಲಿಕೆ ಮಾತಿಗೆ ಹೆಚ್ಚು, ಕಣ್ಣಿಗೆ ಕಡಿಮೆ. ಕೊರ್ದೊಬಾದ ಕಟ್ಟಡ 785ರಲ್ಲಿ ಆರಂಭವಾಗಿ ಎರಡು ನೂರು ವರ್ಷ ಬೆಳೆಯುತ್ತ ಹೋದದ್ದು. ಎಂಟು ನೂರಕ್ಕೂ ಮಿಕ್ಕಿದ ತೆಳುವಾದ ಕಂಬಗಳು, ಅವುಗಳ ಮೇಲೆ ಕೆಂಪು ಬಿಳಿ ಪಟ್ಟೆಗಳ ಎರಡು ಅಂತಸ್ತಿನ ಕಮಾನುಗಳು, ಮುಂದೆ ಕಿತ್ತಳೆ ಗಿಡಗಳ ತೆರೆದ ಅಂಗಳ. ನಮ್ಮದು 1367ರಲ್ಲಿ ರಫಿ ಎಂಬಾತ ಕಟ್ಟಿದ್ದು. ದಪ್ಪ ಕಂಬಗಳು, ಮೇಲೆ ಗುಮ್ಮಟಗಳ ಸಾಲು, ತೆರೆದ ಅಂಗಳವೇ ಇಲ್ಲ. ಒಳಗೆ ನಿಂತಾಗ ಯಾವ ದಿಕ್ಕಿಗೆ ನೋಡಿದರೂ ಕಮಾನಿನ ಆಚೆ ಕಮಾನು ಕಾಣುವುದೊಂದೇ ಎರಡಕ್ಕೂ ಸಮಾನ. 1236ರಲ್ಲಿ ಊರು ಕ್ರೈಸ್ತ ದೊರೆಯ ವಶವಾದಾಗ ಮಸೀದಿ ಚರ್ಚಾಯಿತು. ಹದಿನಾರನೆಯ ಶತಮಾನದಲ್ಲಿ ಅದರ ನಟ್ಟನಡುವೆ ಎತ್ತರದ ಪ್ರಾರ್ಥನಾಮಂದಿರವನ್ನು ಎಬ್ಬಿಸಿದರು. ಅಪ್ಪಣೆ ಕೊಟ್ಟ ದೊರೆಯೇ ಆಮೇಲೆ ನೋಡಿ ಪಶ್ಚಾತ್ತಾಪಪಟ್ಟನೆಂದು ಹೇಳಿಕೆಯಿದೆ. ಆಳಂದದ ಲಾಡ್ಲೆ ಮಶಾಯಕರ ಉರುಸಿನಲ್ಲಿ ಕೈಹಿಡಿದು ಅಡ್ಡಾಡಿಸಿದ ಹಿರಿಯರನ್ನು ನೆನೆಯುತ್ತ ನಾವು ಆ ಕಂಬಗಳ ನಡುವೆ ನಡೆದೆವು.

ಆದರೆ ಕೊರ್ದೊಬಾ ನಮ್ಮ ಮನಸ್ಸಿನಲ್ಲಿ ಉಳಿದದ್ದು ಅದರ ಮನೆಗಳಿಂದ. ಯುರೋಪಿನಲ್ಲಿ ನಮ್ಮ ಕಡೆಯಂಥ ಬಿಸಿಲು ಬೀಳುವ ಸೀಮೆಯದು. ಅದಕ್ಕೆಂದೇ ಇಕ್ಕಟ್ಟಾದ ಓಣಿ, ಸುಣ್ಣ ಬಳಿದ ದಪ್ಪ ಗೋಡೆ, ಹೊರಗೆ ಚಿಕ್ಕ ಕಿಟಕಿ, ಒಳಗೆ ನಡುವೆ ತೆರೆದ ಅಂಗಳ, ಅಂಗಳದಲ್ಲೊಂದು ಬಾವಿ. ಮೇ ತಿಂಗಳ ಮೊದಲರ್ಧದಲ್ಲಿ ಅಲ್ಲಿಯ ಜನ ಆ ಅಂಗಳಗಳನ್ನು ಹೂವಿನ ಕುಂಡಗಳಿಂದ ತುಂಬಿ, ಬಾಗಿಲು ತೆರೆದು, ಬಂದವರಿಗೆಲ್ಲ ತೋರಿಸುತ್ತಾರೆ. 1921ರಲ್ಲಿ ಸ್ಪರ್ಧೆಯಾಗಿ ಆರಂಭವಾದ ಈ ಹಬ್ಬವನ್ನು 2012ರಲ್ಲಿ ಯುನೆಸ್ಕೊ ಸಂಸ್ಥೆ ಮಾನವಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು. ಹಣ ಕೇಳುವುದಿಲ್ಲ, ಜನ ಇನ್ನೂ ಆ ಮನೆಗಳಲ್ಲಿಯೇ ವಾಸಿಸುತ್ತಾರೆ ಎಂಬುದೇ ಅದರ ವಿಶೇಷ.

ಒಂದು ಮನೆಯಲ್ಲಿ ಅವ್ವನ ವಯಸ್ಸಿನದೇ ಮುದುಕಿಯೊಬ್ಬಳು ಉದ್ದನೆಯ ಬಿದಿರುಕೋಲಿನ ತುದಿಗೆ ತಗಡಿನ ಡಬ್ಬಿ ಕಟ್ಟಿಕೊಂಡು ಗೋಡೆಯ ಮೇಲಿನ ಕುಂಡಗಳಿಗೆ ನೀರು ಹಾಕುತ್ತಿದ್ದಳು. ಅವ್ವ ಹೋಗಿ ಪಕ್ಕದಲ್ಲಿ ನಿಂತಳು. ಆಕೆ ಕೋಲನ್ನು ಇವಳ ಕೈಗೆ ಕೊಟ್ಟಳು. ಒಬ್ಬರ ಮಾತು ಇನ್ನೊಬ್ಬರಿಗೆ ತಿಳಿಯದು. ಆದರೂ ಇಬ್ಬರೂ ಅರ್ಧ ತಾಸು ಬಾವಿಕಟ್ಟೆಯ ಮೇಲೆ ಕುಳಿತು ಏನೇನೋ ಮಾತನಾಡಿದರು. ಅವ್ವ ಗೋಡೆ ತಟ್ಟಿ ನೋಡಿದಳು, ನೆಲದ ಹಾಸುಗಲ್ಲು ನೋಡಿದಳು, ತಲೆಯೆತ್ತಿ ತೊಲೆಗಳನ್ನು ಎಣಿಸಿದಳು. ಹೊರಗೆ ಬಂದ ಮೇಲೆ ತಮ್ಮನನ್ನು ಕರೆದು, ಈ ಮೂರು ವಾರದಲ್ಲಿ ಮೊದಲ ಬಾರಿಗೆ ಮನೆಯ ಮಾತೆತ್ತಿದಳು: “ನಾ ಇರೋತನಕ ಬ್ಯಾಡಪ್ಪ. ನಂದು ಮುಗದ ಮ್ಯಾಲ ನಿಮ್ಮ ಮನಸಿಗಿ ಬಂದಂಗ ಮಾಡ್ರಿ.”

ತಮ್ಮ ಆಗ ಏನೂ ಹೇಳಲಿಲ್ಲ. ಸಿಮೆಂಟಿನ ಮನೆಯ ಪರವಾಗಿ ಅವನು ಹಿಂದೆ ಹೇಳಿದ ಕಾರಣಗಳು ಸುಳ್ಳೇನಲ್ಲ: ಮಣ್ಣಿನ ಮಾಳಿಗೆಗೆ ಪ್ರತಿವರ್ಷ ಖರ್ಚು, ಹಳೆಯ ಕೆಲಸ ಬಲ್ಲ ಗೌಂಡಿಗಳು ಸಿಗುವುದಿಲ್ಲ, ವಯಸ್ಸಾದ ತಾಯಿ ಸೋರುವ ಮನೆಯಲ್ಲಿ ಒಂಟಿಯಾಗಿರುವುದು ಮಕ್ಕಳಿಗೆ ಶೋಭೆಯಲ್ಲ. ವಿಮಾನದಲ್ಲಿ ಅಣ್ಣತಮ್ಮಂದಿರ ನಡುವೆ ಇದೇ ಚರ್ಚೆ ನಡೆಯಿತು, ಒಮ್ಮತಕ್ಕೆ ಬರಲಿಲ್ಲ.

ಊರಿಗೆ ಬಂದು ರೋಹಿಣಿ ಮಳೆಗೆ ಮೊದಲೇ ಅಫಜಲಪುರದ ಕಡೆಯಿಂದ ಇಬ್ಬರು ಹಿರಿಯ ಗೌಂಡಿಗಳನ್ನು ಹುಡುಕಿ ಕರೆಸಿದೆವು. ಮಾಳಿಗೆಯ ಹಳೆಯ ಮಣ್ಣು ತೆಗೆಸಿ, ಕೊಳೆತ ಮೂರು ಜಂತಿ ಬದಲಿಸಿ, ಹೊಸ ಮಣ್ಣು ಬಡಿಸಿದ್ದಾಯಿತು. ಖರ್ಚಿನಲ್ಲಿ ಜೇವರ್ಗಿಯ ಭಾವನವರೂ ತಾವಾಗಿ ಪಾಲು ಕೊಟ್ಟರು. ಗುತ್ತಿಗೆದಾರನಿಗೆ ಸದ್ಯಕ್ಕೆ ಬೇಡವೆಂದು ಹೇಳಿದ್ದೇವೆ. ಪಡಸಾಲೆ, ದೇವರ ಕೋಣೆ ಸೋರುವುದು ನಿಂತಿದೆ. ಹಿಂದಿನ ಅಡುಗೆಮನೆಯ ಮೂಲೆ ಮಾತ್ರ ಇನ್ನೂ ಸೋರುತ್ತದೆ, ಅವ್ವ ಅಲ್ಲೊಂದು ಹಿತ್ತಾಳೆಯ ಕೊಡ ಇಟ್ಟಿದ್ದಾಳೆ.