ಗೆಜ್ಜೆ ಕಟ್ಟಿದ ಕಾಲು

ತೆಂಗಳಿ, ಸೇಡಂ, ಚಿತ್ತಾಪುರಗಳ ತೊಗರಿಯ ಹೊಲಗಳನ್ನೂ ಶಹಾಬಾದಿನ ಕಲ್ಲುಗಣಿಗಳನ್ನೂ ನೋಡುತ್ತ ಬೆಳೆದ ಕಣ್ಣಿಗೆ ಹೊನ್ನಾವರದ ಸೀಮೆ ಬೇರೊಂದು ಲೋಕವಾಗಿಯೇ ತೋರುತ್ತದೆ. ಶರಾವತಿಯು ಕಡಲನ್ನು ಕೂಡುವ ಆ ಪಟ್ಟಣದಿಂದ ಹೆದ್ದಾರಿಯಲ್ಲಿ ದಕ್ಷಿಣಕ್ಕೆ ಸಾಗಿದರೆ, ಮುರ್ಡೇಶ್ವರವನ್ನು ತಲಪುವ ಮುನ್ನವೇ ಗುಣವಂತೆ ಎಂಬ ಹಳ್ಳಿ ಸಿಗುತ್ತದೆ. ಯಾತ್ರಿಕರು ಅಲ್ಲಿಯ ಶಂಭುಲಿಂಗನ ದರ್ಶನ ಪಡೆದು ಇಡಗುಂಜಿಯ ಗಣಪತಿಯತ್ತ ಹೊರಡುತ್ತಾರೆ. ಆದರೆ ಕಲಾಪ್ರಿಯರು ಗುಣವಂತೆಗೆ ಬರುವುದು ಕೆರೆಮನೆಯವರ ಯಕ್ಷಗಾನದ ಸಲುವಾಗಿ.

ಬಯಲುಸೀಮೆಯವರಾದ ನಮಗೆ ಆಟ ಹೊಸದೇನಲ್ಲ. ನಮ್ಮ ಕಡೆಯ ರೈತರು ತಿಂಗಳುಗಟ್ಟಲೆ ತಾಲೀಮು ಮಾಡಿ, ಸುಗ್ಗಿ ಮುಗಿದ ಮೇಲೆ ಒಂದು ರಾತ್ರಿ ದೊಡ್ಡಾಟವಾಡುವರು. ಮರುದಿನ ಕಿರೀಟವನ್ನು ಇಳಿಸಿ ನೇಗಿಲು ಹಿಡಿಯುವರು. ಕಾಲು ಉಳುಕಿದರೆ ನಾಲ್ಕು ದಿನದ ನೋವು, ಅಷ್ಟೇ. ಕರಾವಳಿಯ ಮೇಳದ ಕಲಾವಿದನ ಬಾಳು ಹಾಗಲ್ಲ. ನವೆಂಬರಿನಿಂದ ಮೇ ತಿಂಗಳವರೆಗೆ ಊರಿಂದೂರಿಗೆ ತಿರುಗಾಟ. ರಾತ್ರಿ ಕುಣಿತ, ಹಗಲು ನಿದ್ದೆ. ಯಜಮಾನರೊಡನೆ ಅವನ ಒಪ್ಪಂದವೂ ತಿರುಗಾಟದ ಲೆಕ್ಕದಲ್ಲಿಯೇ. ಕಾಲೇ ಅವನ ಬಂಡವಾಳ.

ಆ ಬಂಡವಾಳವು ಖರ್ಚಾಗುವ ಬಗೆಯನ್ನು ತಿಳಿಯಬೇಕಾದರೆ ಬಡಗುತಿಟ್ಟಿನ 'ಮಂಡಿ'ಯನ್ನು ನೋಡಬೇಕು. ಚೆಂಡೆಯ ಪೆಟ್ಟು ಏರಿದಂತೆ ವೇಷಧಾರಿಯು ಎರಡೂ ಮೊಣಕಾಲುಗಳನ್ನು ನೆಲಕ್ಕೂರಿ ಬುಗುರಿಯಂತೆ ಸುತ್ತುತ್ತಾನೆ. ತಲೆಯ ಮೇಲೆ ಮುಂಡಾಸು ಅಥವಾ ಕಿರೀಟ, ಮೈಮೇಲೆ ಆಭರಣಗಳ ಭಾರ. ಪ್ರೇಕ್ಷಕರು ಚಪ್ಪಾಳೆ ತಟ್ಟಿದಷ್ಟೂ ಸುತ್ತು ಹೆಚ್ಚುತ್ತದೆ. ತೆಂಕುತಿಟ್ಟಿನಲ್ಲಿ ಇದೇ ಚಪ್ಪಾಳೆ ಗಾಳಿಯಲ್ಲಿ ಹಾರಿ ತಿರುಗುವ ದಿಗಿಣಕ್ಕೆ ಸಲ್ಲುತ್ತದೆ. ಮೊಣಕಾಲಿನ ಕೀಲಿನಲ್ಲಿರುವ ಮೃದ್ವಸ್ಥಿಗೆ ರಕ್ತದ ಪೂರೈಕೆಯಿಲ್ಲ. ಆದುದರಿಂದ ಒಮ್ಮೆ ಸವೆದುದು ಮೊದಲಿನಂತೆ ಬೆಳೆಯುವುದಿಲ್ಲ. ಇಪ್ಪತ್ತರ ಹರೆಯದಲ್ಲಿ ಮಾಡಿದ ಸಾಲವನ್ನು ದೇಹವು ನಲವತ್ತರಲ್ಲಿ ವಸೂಲು ಮಾಡುತ್ತದೆ. ಹಿಂದೆ ಮುಖಕ್ಕೆ ಬಳಿಯುತ್ತಿದ್ದ ಬಣ್ಣವೂ ನಿರಪಾಯಕರವಾಗಿರಲಿಲ್ಲ: ಅರದಾಳದಲ್ಲಿ ಪಾಷಾಣದ ಅಂಶವುಂಟು, ಇಂಗಳಿಕದಲ್ಲಿ ಪಾದರಸವುಂಟು.

ಪಶ್ಚಿಮದ ಬ್ಯಾಲೆ ನರ್ತಕಿಯ ಪಾಡೂ ಇಂಥದೇ. ಬಟ್ಟೆ ಮತ್ತು ಅಂಟಿನಿಂದ ಬಿಗಿಮಾಡಿದ ಪಾದರಕ್ಷೆಯ ತುದಿಯಲ್ಲಿ ಹೆಬ್ಬೆರಳನ್ನೂರಿ ನಿಲ್ಲುವ ಆಕೆಯ ಪಾದದ ಎಲುಬುಗಳು ಕೂದಲೆಳೆಯಷ್ಟು ಬಿರಿಯುವುದು ಅಲ್ಲಿ ಸಾಮಾನ್ಯ. ಆದರೆ ಪ್ಯಾರಿಸ್ಸಿನ ಅಪೆರಾದಲ್ಲಿ ನರ್ತಕರಿಗೆ 42ನೆಯ ವಯಸ್ಸಿನಲ್ಲಿ ನಿವೃತ್ತಿಯುಂಟು, ಪಿಂಚಣಿಯುಂಟು. ಹದಿನಾಲ್ಕನೆಯ ಲೂಯಿ ದೊರೆಯ ಕಾಲದಲ್ಲಿ, 1698ರಲ್ಲಿ, ಮೊದಲಾದ ಏರ್ಪಾಟು ಅದು. ಅದಕ್ಕೆ ಸಂಚಕಾರ ಬಂದಾಗ, 2019ರ ಡಿಸೆಂಬರಿನ ಚಳಿಯಲ್ಲಿ ಆ ನರ್ತಕಿಯರು ರಂಗಮಂದಿರದ ಹೊರಗೇ ಕುಣಿದು ಪ್ರತಿಭಟಿಸಿದರು.

ನಮ್ಮ ಮೇಳಗಳಲ್ಲಿ ಅಂಥ ಗಡಿಯಿಲ್ಲ. ಇದು ವರವೂ ಹೌದು, ಶಾಪವೂ ಹೌದು. ಚಿಟ್ಟಾಣಿ ರಾಮಚಂದ್ರ ಹೆಗಡೆಯವರು ಎಂಬತ್ತರ ವಯಸ್ಸಿನಲ್ಲಿಯೂ ಕುಣಿದು ಜನರನ್ನು ಬೆರಗುಗೊಳಿಸಿದರು. 2012ರಲ್ಲಿ ಪದ್ಮಶ್ರೀ ಪಡೆದು 2017ರಲ್ಲಿ ತೀರಿಕೊಂಡರು. ಅದೇ 2017ರಲ್ಲಿ ಬೈಂದೂರಿನ ಬಳಿ ಹುಡುಗೋಡು ಚಂದ್ರಹಾಸರು ವೇಷದಲ್ಲಿದ್ದಂತೆಯೇ ರಂಗದ ಮೇಲೆ ಕುಸಿದು ಅಸುನೀಗಿದರು. ಗುಣವಂತೆಯ ಶಂಭು ಹೆಗಡೆಯವರ ಅಂತ್ಯವೂ ಹೀಗೆಯೇ. ತಂದೆ ಶಿವರಾಮ ಹೆಗಡೆಯವರು 1934ರಲ್ಲಿ ಕಟ್ಟಿದ ಇಡಗುಂಜಿ ಮೇಳವನ್ನು ಬೆಳೆಸಿದ ಅವರು, 2009ರ ಫೆಬ್ರವರಿಯಲ್ಲಿ ಇಡಗುಂಜಿಯ ರಥೋತ್ಸವದ ಆಟದಲ್ಲಿ ರಾಮನ ವೇಷ ಧರಿಸಿದ್ದಾಗ ಅಸ್ವಸ್ಥರಾಗಿ ಇಹಲೋಕವನ್ನು ಬಿಟ್ಟರು. ಇಂಥ ಮರಣವನ್ನು ಪುಣ್ಯವೆನ್ನುವುದು ವಾಡಿಕೆ. ಭಕ್ತಿಯ ಮಾತು ಅದು, ತಪ್ಪೆನ್ನಲಾಗದು. ಆದರೆ ಹಿಂದುಳಿದ ಮನೆಯವರ ಒಲೆ ಪುಣ್ಯದಿಂದ ಉರಿಯುವುದಿಲ್ಲವಷ್ಟೆ.

ಆದರೂ ಬ್ಯಾಲೆಗೆ ಇಲ್ಲದ ಒಂದು ಆಸರೆ ಯಕ್ಷಗಾನಕ್ಕಿದೆ, ಅದು ಮಾತು. ಕಾಲು ಸೋತವನು ಅರ್ಥಗಾರಿಕೆಯ ಬಲದಿಂದ ಭೀಷ್ಮನೋ ವಿದುರನೋ ಆಗಬಹುದು; ವೇಷವೂ ಕುಣಿತವೂ ಇಲ್ಲದ ತಾಳಮದ್ದಳೆಯಲ್ಲಿ ಕುಳಿತೇ ಮೆರೆಯಬಹುದು. ಕುಣಿತವೊಂದನ್ನೇ ನಂಬಿದ ಪುಂಡುವೇಷದವನಿಗೂ ಸ್ತ್ರೀವೇಷದವನಿಗೂ ಈ ದಾರಿ ಸುಲಭವಾಗಿ ತೆರೆಯದು. ಮಾಸ್ಕೋದಲ್ಲಿ ನೃತ್ಯಸಂಯೋಜನೆಯನ್ನು ಅಭ್ಯಾಸಮಾಡಿ ಬಂದ ಮಾಯಾ ರಾವ್ ಅವರಲ್ಲಿ ಕಲಿತಿದ್ದ ಶಂಭು ಹೆಗಡೆಯವರು 1986ರಲ್ಲಿ ಗುಣವಂತೆಯಲ್ಲಿ ಶ್ರೀಮಯ ಎಂಬ ಕಲಾಕೇಂದ್ರವನ್ನು ತೆರೆದರು. ಕ್ರಮವಾದ ಶಿಕ್ಷಣಕ್ಕೆ ಅಲ್ಲಿ ಸ್ಥಾನ ದೊರೆಯಿತು. ಕಾಲನ್ನು ಹೇಗೆ ಎತ್ತಬೇಕೆಂಬುದರಷ್ಟೇ ಹೇಗೆ ಇಳಿಸಬೇಕೆಂಬುದನ್ನೂ ಬಲ್ಲವನ ದೇಹ ಹೆಚ್ಚು ಕಾಲ ಬಾಳುತ್ತದೆ.

ಇಂದು ಉಡುಪಿಯ ಯಕ್ಷಗಾನ ಕಲಾರಂಗವು ಕಲಾವಿದರಿಗೆ ವಿಮೆಯನ್ನೂ ಅವರ ಮಕ್ಕಳ ವಿದ್ಯಾಭ್ಯಾಸಕ್ಕೆ ನೆರವನ್ನೂ ಒದಗಿಸುತ್ತಿದೆ. ಸರಕಾರದ ಮಾಸಾಶನವೂ ಉಂಟು. ಅನೇಕ ಮೇಳಗಳು ನಡುರಾತ್ರಿಯ ಹೊತ್ತಿಗೆ ಆಟ ಮುಗಿಸುವ ಕಾಲಮಿತಿಯನ್ನು ಅನುಸರಿಸುತ್ತಿವೆ. ರಸಿಕರಿಗೆ ಇಡೀ ರಾತ್ರಿಯ ಸೊಗಸು ತಪ್ಪಿತೆಂಬ ಕೊರಗಿದ್ದರೂ ಕಲಾವಿದನ ಕಣ್ಣಿಗೆ ಒಂದಿಷ್ಟು ನಿದ್ದೆ ದಕ್ಕಿದೆ.

ಚಳಿಗಾಲದ ರಜೆಯಲ್ಲಿ ಆ ಕಡೆ ಹೋಗುವ ಓದುಗರು ಒಂದು ಆಟವನ್ನು ತಪ್ಪದೆ ನೋಡಬೇಕು. ಮಂಡಿಗೆ ಮನಸಾರೆ ಚಪ್ಪಾಳೆ ತಟ್ಟಲಿ. ಮತ್ತೆ ಮತ್ತೆ ಸುತ್ತೆಂದು ಕೂಗದಿದ್ದರೆ ಲೇಸು. ಆಟ ಮುಗಿದು ಮಂಗಳವಾದ ಮೇಲೆ, ಅಪ್ಪಣೆ ಪಡೆದು, ಚೌಕಿಯ ಕಡೆಗೆ ಒಮ್ಮೆ ಹೋಗಿ ಬರಲಿ. ಗಳಿಗೆಯ ಹಿಂದೆ ಮೂರು ಲೋಕವನ್ನು ನಡುಗಿಸಿದ ವೀರನು ಅಲ್ಲಿ ಗೆಜ್ಜೆ ಬಿಚ್ಚಿ, ಮೊಣಕಾಲನ್ನು ನೀವಿಕೊಳ್ಳುತ್ತ ಕುಳಿತಿರುತ್ತಾನೆ. ನಾಳೆಯ ರಾತ್ರಿ ಅವನ ಆಟ ಬೇರೊಂದು ಊರಿನಲ್ಲಿ.