ಮುಂಬಯಿಯಲ್ಲಿ ರಾತ್ರಿ ಸಂಚಾರ

ಕತ್ತಲಾಗುವ ಮುನ್ನ ಊರು ಸೇರಬೇಕೆಂದು ನಮ್ಮ ಹಿರಿಯರು ಹೇಳುತ್ತಿದ್ದರು. ಎತ್ತಿನ ಗಾಡಿಯ ಕಾಲಕ್ಕೆ ಅದು ಯುಕ್ತವಾದ ನಿಯಮವೇ ಸರಿ. ಈಗಲಾದರೋ ರೈಲುಗಳು ನಮ್ಮನ್ನು ಕೇಳಿಕೊಂಡು ಬರುವುದಿಲ್ಲ; ಸಂಜೆಗೆ ಸೇರಬೇಕಾದವರು ನಡುರಾತ್ರಿಗೆ ಸೇರುವುದುಂಟು. ಹಾಗೆ ಅಪರಿಚಿತವಾದ ಮಹಾನಗರದಲ್ಲಿ ಹೊತ್ತುಮೀರಿ ಇಳಿದ ಗೃಹಸ್ಥನು ಏನು ಮಾಡತಕ್ಕದ್ದು? ಮೂವತ್ತು ವರ್ಷಗಳಿಗೂ ಮೇಲ್ಪಟ್ಟು ಮಕ್ಕಳಿಗೆ ಪಾಠ ಹೇಳಿದ ನಾವು ಈ ಪಾಠವನ್ನು ಕಲಿತದ್ದು ನಿವೃತ್ತರಾದ ಮೇಲೆ, ಅದೂ ನಮ್ಮ ಗೃಹಿಣಿಯಿಂದ. ವಾಚಕರಿಗೆ ಉಪಯೋಗವಾದೀತೆಂದು ಆ ಸಂಗತಿಯನ್ನು ಸಂಕೋಚಪಡದೆ ನಿವೇದಿಸುತ್ತೇವೆ.

ಮುಂಬಯಿಯ ಮಾಟುಂಗದಲ್ಲಿ ನಮ್ಮ ಹಳೆಯ ಶಿಷ್ಯರೊಬ್ಬರಿದ್ದಾರೆ. ಮಾಟುಂಗವೆಂದರೆ ಕನ್ನಡಿಗರಿಗೆ ಪರಸ್ಥಳವಲ್ಲ. ಮೈಸೂರು ಅಸೋಸಿಯೇಷನ್ ಅಲ್ಲಿದೆ. ಕರ್ನಾಟಕ ಸಂಘವೂ ಅಲ್ಲಿದೆ. ಬಾಳೆಲೆಯ ಊಟಕ್ಕೂ ಫಿಲ್ಟರ್ ಕಾಫಿಗೂ ಹೆಸರಾದ ಉಡುಪಿಯವರ ಹೋಟೆಲುಗಳಿವೆ. ಹಗಲೆಲ್ಲ ಹೋಟೆಲುಗಳಲ್ಲಿ ದುಡಿದ ನಮ್ಮ ಕರಾವಳಿಯ ಹುಡುಗರು ಇರುಳು ಕುಳಿತು ಓದುವುದಕ್ಕಾಗಿ ಕನ್ನಡಿಗರು ಆ ನಗರದಲ್ಲಿ ರಾತ್ರಿಶಾಲೆಗಳನ್ನು ನಡೆಸಿದರು. ಉಪಾಧ್ಯಾಯ ವೃತ್ತಿಯವರಾದ ನಮಗೆ ಈ ಶಾಲೆಗಳ ಕಥೆಯನ್ನು ಕೇಳಬೇಕೆಂಬ ಆಸೆ ಬಹುದಿನಗಳಿಂದ ಇದ್ದಿತು. ಆದಕಾರಣ ಶಿಷ್ಯರ ಆಹ್ವಾನವನ್ನು ಮನ್ನಿಸಿ ಸಪತ್ನೀಕರಾಗಿ ಹೊರಟೆವು.

ದಾರಿಯಲ್ಲಿ ರೈಲು ಮೂರು ಗಂಟೆ ತಡವಾಯಿತು. ದಾದರ್ ನಿಲ್ದಾಣದಲ್ಲಿ ಇಳಿದಾಗ ರಾತ್ರಿ ಹನ್ನೊಂದು ದಾಟಿತ್ತು. ಶಿಷ್ಯರು ತಾವೇ ದಾದರಿಗೆ ಬರುವೆನೆಂದು ಮೊಬೈಲಿನಲ್ಲಿ ಹೇಳಿದಾಗ ನಾವು, "ಬೇಡ, ಒಂದೇ ನಿಲ್ದಾಣವಲ್ಲವೆ? ಲೋಕಲ್ ಗಾಡಿಯಲ್ಲಿ ನಾವೇ ಬರುತ್ತೇವೆ" ಎಂದುಬಿಟ್ಟೆವು. ಹಿರಿತನದ ಬಿಗುಮಾನವಲ್ಲದೆ ಇದು ಮತ್ತೇನು! ದೇಶದ ಮೊದಲ ಪ್ರಯಾಣಿಕರ ರೈಲು 1853ನೆಯ ಇಸವಿ ಏಪ್ರಿಲ್ 16ರಂದು ಬೋರಿಬಂದರಿನಿಂದ ಠಾಣೆಗೆ ಓಡಿದ್ದು ಇದೇ ಮಾರ್ಗದಲ್ಲೆಂದು ಗೃಹಿಣಿಗೆ ವಿವರಿಸುತ್ತ ಟಿಕೀಟು ಕೊಂಡೆವು. "ಗಾಡಿ ಯಾವುದೆಂದು ಯಾರನ್ನಾದರೂ ಕೇಳಬಾರದೆ?" ಎಂದು ಆಕೆ ಎರಡು ಬಾರಿ ಹೇಳಿದರು. ನಾವು ಕೇಳಲಿಲ್ಲ.

ಅಷ್ಟರಲ್ಲಿ ಧ್ವನಿವರ್ಧಕವು ಮರಾಠಿಯಲ್ಲಿ ಏನನ್ನೋ ಘೋಷಿಸಿತು. ಅದರಲ್ಲಿ ನಮಗೆ ತಿಳಿದ ಪದ 'ಜಲದ' ಎಂಬುದೊಂದೇ. ಸಂಸ್ಕೃತದಲ್ಲಿ ಜಲದವೆಂದರೆ ನೀರನ್ನು ಕೊಡುವುದು, ಎಂದರೆ ಮೇಘ. ರೈಲಿಗೂ ಮೇಘಕ್ಕೂ ಏನು ಸಂಬಂಧವೆಂದು ನಾವು ವಿನೋದದಿಂದ ಯೋಚಿಸುತ್ತಿರುವಾಗಲೇ ಗಾಡಿ ಬಂದು ನಿಂತಿತು. ಅದು ನಿಲ್ಲುವುದು ಅರೆನಿಮಿಷಕ್ಕಿಂತ ಹೆಚ್ಚಿಲ್ಲ. ಎದುರಿಗೆ ಬಂದದ್ದು ಸ್ತ್ರೀಯರ ಡಬ್ಬಿ. "ನೀನು ಇಲ್ಲಿ ಹತ್ತು, ಮಾಟುಂಗದಲ್ಲಿ ಇಳಿದುಕೋ" ಎಂದು ಗೃಹಿಣಿಯನ್ನು ಹತ್ತಿಸಿ, ನಾವು ಚೀಲಗಳೊಡನೆ ಓಡಿ ಬೇರೊಂದು ಡಬ್ಬಿಯನ್ನು ಹಿಡಿದೆವು.

ಗಾಡಿ ವೇಗವಾಗಿ ಹೊರಟಿತು. ಕ್ಷಣಮಾತ್ರದಲ್ಲಿ ಮಾಟುಂಗವೆಂಬ ಹಲಗೆ ಕಣ್ಣಮುಂದೆ ಬಂದು ಹಿಂದಕ್ಕೆ ಸರಿಯಿತು, ಗಾಡಿ ನಿಲ್ಲಲಿಲ್ಲ. ಗಾಬರಿಯಿಂದ ಪಕ್ಕದ ತರುಣನನ್ನು ವಿಚಾರಿಸಲಾಗಿ, "ಇದು ಫಾಸ್ಟ್ ಗಾಡಿ, ಇನ್ನು ನಿಲ್ಲುವುದು ಕುರ್ಲಾದಲ್ಲಿ" ಎಂದನು. ಮರಾಠಿಯಲ್ಲಿ 'ಜಲದ' ಎಂದರೆ ವೇಗದ ಗಾಡಿ. ಅದು ಸಣ್ಣ ನಿಲ್ದಾಣಗಳನ್ನು ಬಿಟ್ಟು ಓಡುವುದು. ಎಲ್ಲ ಕಡೆಯೂ ನಿಲ್ಲುವುದು 'ಧೀಮಿ' ಗಾಡಿ. ನಮ್ಮ ವ್ಯುತ್ಪತ್ತಿಜ್ಞಾನವು ನಮ್ಮನ್ನು ನಿಜವಾಗಿಯೂ ಮೇಘವನ್ನೇರಿಸಿತ್ತು!

ಆದರೆ ಆಗ ನಗು ಬರಲಿಲ್ಲ. ಮೊಬೈಲು, ಹಣ, ವಿಳಾಸದ ಚೀಟಿ ಎಲ್ಲವೂ ನಮ್ಮ ಜೇಬಿನಲ್ಲಿದ್ದವು. ಗೃಹಿಣಿಯ ಕೈಯಲ್ಲಿ ಏನೂ ಇರಲಿಲ್ಲ. ಆಕೆಗೆ ಮರಾಠಿಯೂ ಬಾರದು, ಹಿಂದಿಯೂ ಅಷ್ಟಕ್ಕಷ್ಟೆ. ಕುರ್ಲಾದಲ್ಲಿ ಇಳಿಯದೆ ಮುಂದಕ್ಕೆ ಹೋದರೆ? ಆ ಏಳೆಂಟು ನಿಮಿಷಗಳಲ್ಲಿ ನಾವು ಪಟ್ಟ ವ್ಯಥೆ ದೇವರಿಗೇ ಗೊತ್ತು.

ಕುರ್ಲಾದಲ್ಲಿ ಇಳಿದೆವು. ಹನ್ನೆರಡು ಡಬ್ಬಿಗಳ ಗಾಡಿ. ಅದರಿಂದಿಳಿದ ಜನದಲ್ಲಿ ಆಕೆ ಕಾಣಲಿಲ್ಲ. ಆಗ ಸಭ್ಯನಂತಿದ್ದ ಒಬ್ಬನು ತಾನಾಗಿಯೇ ಸಮೀಪಕ್ಕೆ ಬಂದು, "ಎಲ್ಲಿಗೆ ಹೋಗಬೇಕು, ಯಜಮಾನರೆ? ಇನ್ನು ಗಾಡಿಗಳಿಲ್ಲ. ಹೊರಗೆ ನನ್ನ ರಿಕ್ಷಾ ಇದೆ. ಮಾಟುಂಗದ ಮನೆಬಾಗಿಲಿಗೇ ಬಿಡುತ್ತೇನೆ. ಅಮ್ಮನವರು ಹೊರಗೆ ಹೋಗಿರಬೇಕು, ಬನ್ನಿ" ಎಂದು ಹಿಂದಿಯಲ್ಲಿ ಹೇಳುತ್ತ ನಮ್ಮ ಚೀಲಕ್ಕೆ ಕೈ ಹಾಕಿದನು. ಬುದ್ಧಿ ಕದಡಿದ್ದ ನಾವು ನಾಲ್ಕು ಹೆಜ್ಜೆ ಅವನ ಹಿಂದೆ ನಡೆದದ್ದೂ ನಿಜ. ಅಷ್ಟರಲ್ಲಿ ದೂರದಿಂದ, "ಇಲ್ಲಿದ್ದೇನೆ ಕಣ್ರೀ!" ಎಂಬ ಕನ್ನಡದ ಕೂಗು ಕಿವಿಗೆ ಬಿತ್ತು. ತಿರುಗಿ ನೋಡಿದರೆ ಗೃಹಿಣಿ ದೀಪದ ಕೆಳಗೆ, ಸಮವಸ್ತ್ರ ಧರಿಸಿದ ಪೊಲೀಸಿನವರ ಪಕ್ಕದಲ್ಲಿ ನಿಂತಿದ್ದರು. ಚೀಲ ಹಿಡಿದಿದ್ದವನು ಅದನ್ನು ಬಿಟ್ಟು ಜನದಲ್ಲಿ ಮರೆಯಾದನು.

ನಡೆದದ್ದಿಷ್ಟೆ. ಆಕೆ ಡಬ್ಬಿಯೊಳಗೆ ಕಾಲಿಟ್ಟೊಡನೆಯೇ ಅಲ್ಲಿದ್ದ ಹೆಂಗಸರನ್ನು "ಮಾಟುಂಗ?" ಎಂದು ಕೇಳಿದರಂತೆ. ಅವರು ತಲೆಯಾಡಿಸಿ, ಕೈಸನ್ನೆಯಿಂದ ತಿಳಿಯಹೇಳಿ, ರಾತ್ರಿಯ ಕಾವಲಿಗಾಗಿ ಅದೇ ಡಬ್ಬಿಯಲ್ಲಿದ್ದ ಪೊಲೀಸಿನವರಿಗೆ ಒಪ್ಪಿಸಿದರಂತೆ. ಕುರ್ಲಾದಲ್ಲಿ ಇಳಿದ ಮೇಲೆ ಆಕೆ ನಮ್ಮನ್ನು ಹುಡುಕಿಕೊಂಡು ಹೊರಡಲಿಲ್ಲ. "ಇಬ್ಬರೂ ಹುಡುಕುತ್ತ ಹೊರಟರೆ ಸಿಕ್ಕುವುದು ಹೇಗೆ? ಅದಕ್ಕೇ ನಿಂತಲ್ಲೇ ನಿಂತೆ" ಎಂದರು. ಬಳಿಕ ನಮ್ಮ ಮುಖವನ್ನು ನೋಡಿ, "ನೀವು ಯಾರನ್ನಾದರೂ ಕೇಳಿದಿರಾ?" ಎಂದರು. ನಮ್ಮಲ್ಲಿ ಉತ್ತರವಿರಲಿಲ್ಲ.

ಹೊಸ ಟಿಕೀಟು ಕೊಂಡು ಧೀಮಿ ಗಾಡಿಯಲ್ಲಿ ಹಿಂದಿರುಗಿ ಮಾಟುಂಗದಲ್ಲಿ ಇಳಿದೆವು. ಶಿಷ್ಯರು ಮೆಟ್ಟಿಲ ಬಳಿಯೇ ಕಾದಿದ್ದರು. ಕಥೆಯನ್ನೆಲ್ಲ ಕೇಳಿ, "ಆತ ನಿಮಗೆ ಸುಳ್ಳು ಹೇಳಿದ, ಮೇಷ್ಟ್ರೇ. ಸಯನ್ ದಾಟಿ ದಕ್ಷಿಣಕ್ಕೆ ಆಟೋರಿಕ್ಷಾ ಬರುವಂತೆಯೇ ಇಲ್ಲ" ಎಂದರು. ಮಾಟುಂಗ ಸಯನ್ನಿನ ದಕ್ಷಿಣಕ್ಕಿದೆ. ಆತನು ನಮ್ಮನ್ನು ಎಲ್ಲಿಗೆ ಒಯ್ಯುತ್ತಿದ್ದನೋ ತಿಳಿಯದು. ಇದೇ ನಿಲ್ದಾಣವನ್ನು 2017ರಲ್ಲಿ ಸಂಪೂರ್ಣವಾಗಿ ಮಹಿಳಾ ಸಿಬ್ಬಂದಿಯ ಕೈಗೆ ಒಪ್ಪಿಸಲಾಯಿತೆಂದೂ, ದೇಶದಲ್ಲಿ ಅದೇ ಮೊದಲೆಂದೂ ಅವರು ತಿಳಿಸಿದಾಗ, ಗೃಹಿಣಿ ನಮ್ಮ ಕಡೆ ನೋಡಿ ಮುಗುಳುನಕ್ಕರು. ಆ ನಗೆಗೂ ನಮ್ಮಲ್ಲಿ ಉತ್ತರವಿರಲಿಲ್ಲ.

ಈ ಅನುಭವದಿಂದ ನಾವು ಗ್ರಹಿಸಿದ್ದನ್ನು ಸಂಗ್ರಹವಾಗಿ ಹೇಳುವೆವು. ರಾತ್ರಿಯಲ್ಲಿ ದಾರಿ ಕೇಳುವುದು ಅವಮಾನವಲ್ಲ. ಆದರೆ ಯಾರನ್ನು ಕೇಳಬೇಕೆಂಬ ವಿವೇಚನೆ ಬೇಕು. ತಾನಾಗಿ ಬಂದು ಕರೆಯುವವನನ್ನಲ್ಲ, ತನ್ನ ಸ್ಥಾನದಲ್ಲಿ ಕುಳಿತವನನ್ನು ಕೇಳಬೇಕು: ಟಿಕೀಟು ಕೊಡುವವರು, ಪೊಲೀಸಿನವರು, ಅಂಗಡಿಯಾತ, ಸಂಸಾರ ಸಮೇತರಾದ ಪ್ರಯಾಣಿಕರು. ವಿಳಾಸ, ದೂರವಾಣಿಯ ಸಂಖ್ಯೆ, ಸ್ವಲ್ಪ ಹಣ, ಇವು ಮನೆಯ ಪ್ರತಿಯೊಬ್ಬರ ಬಳಿಯೂ ಬೇರೆ ಬೇರೆಯಾಗಿ, ಕಾಗದದ ಮೇಲೆ ಬರೆದು ಇರಬೇಕು. ಅಗಲಿದರೆ ಎಲ್ಲಿ ಸೇರತಕ್ಕದ್ದೆಂದು ಗಾಡಿ ಹತ್ತುವ ಮೊದಲೇ ನಿಶ್ಚಯಿಸಿಕೊಳ್ಳಬೇಕು. ನಡುರಾತ್ರಿಯಿಂದ ಬೆಳಗಿನ 5 ಗಂಟೆಯವರೆಗೆ ಮುಂಬಯಿಯ ಟ್ಯಾಕ್ಸಿಗಳಿಗೆ ಮೀಟರಿನ ಮೇಲೆ ಕಾಲುಪಾಲು ಹೆಚ್ಚು ಕೊಡುವುದು ನಿಯಮ. ಅದನ್ನು ಮೋಸವೆಂದು ಜಗಳವಾಡಬಾರದು, ಅದಕ್ಕಿಂತ ಹೆಚ್ಚು ಕೊಡಲೂಬಾರದು. ಕಷ್ಟ ಬಂದರೆ 112ಕ್ಕೆ, ರೈಲಿನಲ್ಲಾದರೆ 139ಕ್ಕೆ ಕರೆ ಮಾಡಬಹುದು.

ಮರುದಿನ ಸಂಜೆ ಶಿಷ್ಯರ ಮನೆಗೆ, ರಾತ್ರಿಶಾಲೆಯಲ್ಲಿ ಓದಿದ ವೃದ್ಧರೊಬ್ಬರು ಬಂದಿದ್ದರು. ಹುಡುಗರಾಗಿ ಆ ನಗರಕ್ಕೆ ಬಂದಾಗ ಭಯವಾಗಲಿಲ್ಲವೇ ಎಂದು ಕೇಳಿದೆವು. "ಆಗುತ್ತಿತ್ತು. ಆದರೆ ನಮಗೆ ಏನೂ ಗೊತ್ತಿಲ್ಲವೆಂಬುದು ಗೊತ್ತಿತ್ತು. ಎಲ್ಲವನ್ನೂ ಕೇಳಿ ಕೇಳಿ ತಿಳಿದೆವು" ಎಂದರು. ನಾವು ಮರುಮಾತಿಲ್ಲದೆ ಕೈ ಮುಗಿದೆವು. ಹಿಂದಿರುಗುವ ದಿನ ದಾದರಿನಲ್ಲಿ ನಮ್ಮ ಗಾಡಿ ಎಲ್ಲಿ ನಿಲ್ಲುವುದೆಂದು ನಾಲ್ವರನ್ನು ವಿಚಾರಿಸಿದೆವು. ಮೂವರೇ ಸಾಕಾಗಿತ್ತೆಂದು ಗೃಹಿಣಿಯ ಅಭಿಪ್ರಾಯ.